ಕತ್ತರಿಸಿಹೋದ ‘ಇಲ್ಲ’

ಕಿರುಗಾವಲಿನ ಆಮ್ನಾಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ರೈತರು ಕಬ್ಬು ಮಾರುವ ಆ್ಯಪಿನ ಪುಟಗಳು ಸರಿಯಾಗಿ ಕಾಣುತ್ತವೆಯೇ ಎಂದು ಪರೀಕ್ಷಿಸಲು ಎಂಟು ಫೋನುಗಳಲ್ಲಿ, ಐದು ಭಾಷೆಗಳಲ್ಲಿ ಯಂತ್ರವೇ ಅವುಗಳ ಪಟ ತೆಗೆಯುತ್ತದೆ. ಆ ಪಟಗಳನ್ನೆಲ್ಲ ಅವಳು ನೋಡಿ ‘ಸರಿ’ ಒತ್ತಿದರೆ ಮಾತ್ರ ಮಳವಳ್ಳಿಯ ಕಚೇರಿ ಕಾಸು ಬಿಚ್ಚುತ್ತದೆ.

ಸಣ್ಣ ಫೋನಿನ ಕನ್ನಡ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು. ‘ದರ ಒಪ್ಪುವುದಿಲ್ಲ’ ಎಂಬ ಗುಂಡಿ, ಜಾಗ ಸಾಲದೆ, ‘ದರ ಒಪ್ಪು’ ಎಂದು ಕತ್ತರಿಸಿಹೋಗಿತ್ತು.

“ಮಿಷನ್ನೇ ಪಾಸು ಮಾಡ್ಯದೆ, ನಿಂದೇನಮ್ಮಿ? ಒತ್ತು, ಕೂಲಿ ಈಸ್ಕೊ,” ಎಂದ ಮೇಲ್ವಿಚಾರಕ ಶಿವರಾಜು.

“ಮಿಷನ್ನು ಯಾವತ್ತು ಕಬ್ಬು ಕಡೀತಣ್ಣ? ರೈತ ಬ್ಯಾಡ ಅಂದ್ರೂ ಊಂ ಅಂದಂಗಾಯ್ತದೆ.”

ಎದ್ದಳು, ಕೂತಳು, ಮತ್ತೆ ಎದ್ದಳು. ಒತ್ತಲಿಲ್ಲ.

ಓದುವವರೇ, ನಿಮ್ಮ ಫೋನು ತೆಗೆಯಿರಿ. ಅದರಲ್ಲಿ ನಿಮ್ಮ ‘ಇಲ್ಲ’ ಪೂರ್ತಿ ಇದೆಯೇ? ನೋಡಿ ಹೇಳಿ, ಆಮೇಲೆ ಅವಳ ಕೂಲಿ ಕೊಡಿಸಲು ಬನ್ನಿ.