ಈ ಸಲದ ಕುಂಬಳಕಾಯಿ

ಕೆಂಪಾಪುರದ ಆ ಬೈಕ್ ಗ್ಯಾರೇಜಿನಲ್ಲಿ ಬೈಸಿಕೊಳ್ಳದೆ ಊಟ ಮಾಡಿದ ದಿನವೇ ಇಲ್ಲ. ಗಾಡಿ ಚೆನ್ನಾಗಿ ಓಡಿದರೆ ಹೊಗಳಿಕೆ ಓನರ್‌ಗೆ, ಸದ್ದು ಬಂದರೆ ಬೈಗುಳ ನನಗೆ. ಸ್ವಂತ ಗ್ಯಾರೇಜಿನ ಆಸೆ ಹುಟ್ಟಿದ್ದೇ ಅದರಿಂದ. ಬಿಸಿನೆಸ್ಸು ಗಿಸಿನೆಸ್ಸು ಅಂತ ದೊಡ್ಡ ಕನಸೇನೂ ಇರಲಿಲ್ಲ. ನನ್ನನ್ನು ಬೈಯುವವರಿಲ್ಲದ ಒಂದು ಶೆಡ್ ಬೇಕಿತ್ತು, ಅಷ್ಟೇ.

ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನಿಗೂ ಅದೇ ಉರಿ. ಇಬ್ಬರೂ ಹೋಗಿ ಅಟ್ಟೂರಿನಲ್ಲಿ ಒಂದು ಮಳಿಗೆ ನೋಡಿ ಬಂದೆವು. ಆಯುಧ ಪೂಜೆ ಮುಗಿದ ಮೇಲೆ ಇಲ್ಲಿನ ಕೆಲಸ ಬಿಡೋಣ ಎಂದು ಮಾತಾಯಿತು.

ಆಯುಧ ಪೂಜೆಗೆ ಸ್ಪ್ಯಾನರ್ ತೊಳೆಯುವುದು, ಗಾಡಿಗಳಿಗೆ ಹೂ ಕಟ್ಟುವುದು ನಮ್ಮ ಪಾಲು. ಬೂದುಗುಂಬಳಕಾಯಿ ಒಡೆಯುವುದು ಮಾತ್ರ ಓನರ್ರೇ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಆ ವರ್ಷ ಕಾಯಿಯನ್ನು ನನ್ನ ಕೈಯಲ್ಲಿಟ್ಟರು. ಹೆಗಲಿಗೊಂದು ಶಾಲು ಹಾಕಿ, ಕಸ್ಟಮರ್‌ಗಳ ಎದುರಿಗೇ ಹೇಳಿದರು: “ನೀನೇ ಒಡಿ ಕಣೋ. ನಾನಿಲ್ದಿದ್ರೂ ಈ ಗ್ಯಾರೇಜು ನಡೀತದೆ, ನೀನಿಲ್ದಿದ್ರೆ ನಡಿಯಲ್ಲ.”

ನಾನೊಂದು ಹುಚ್ಚು ಮುಂಡೇದು, ಕಣ್ಣಲ್ಲಿ ನೀರು ತಂದುಕೊಂಡೆ. ವರ್ಷಗಟ್ಟಲೆಯ ಉರಿ ಒಂದು ಶಾಲಿಗೆ ಆರಿಹೋಯಿತು. ಸಂಜೆ ಗೆಳೆಯನಿಗೆ, ಅಟ್ಟೂರಿಗೆ ನಾನು ಬರುವುದಿಲ್ಲ ಎಂದುಬಿಟ್ಟೆ. ಅವನು ಜಗಳ ಆಡಲಿಲ್ಲ.

“ಮೂಗಿಗೆ ತುಪ್ಪ ಸವರವ್ರೆ ಮಗಾ. ವಾಸ್ನೆ ನೋಡ್ಕೊಂಡಿರು” ಎಂದು ಹೇಳಿ ಹೋದ. ಹೊಟ್ಟೆಕಿಚ್ಚು ಇವನಿಗೆ ಎಂದುಕೊಂಡೆ. ಮಳಿಗೆಯನ್ನು ಅವನೊಬ್ಬನೇ ಹಿಡಿದ. ಇಲ್ಲಿ ಹಬ್ಬದ ಹೂ ಬಾಡುವ ಮುಂಚೆಯೇ ಬೈಗುಳ ಮತ್ತೆ ಶುರುವಾಯಿತು. ಆದರೂ ಸಹಿಸಿಕೊಂಡೆ. ಕುಂಬಳಕಾಯಿ ಒಡೆದವನಲ್ಲವೇ ನಾನು!

ಮರುವರ್ಷ ನಮ್ಮ ಪೇಂಟರ್ ಕೋಗಿಲಿನಲ್ಲಿ ಸ್ವಂತ ಅಂಗಡಿಗೆ ಜಾಗ ಹುಡುಕುತ್ತಿದ್ದ. ವಿಷಯ ಗ್ಯಾರೇಜಿಗೆಲ್ಲ ಗೊತ್ತಿತ್ತು. ಪೂಜೆಯ ದಿನ ನಾನು ಅದೇ ಶಾಲು ಹೊದ್ದು ಎಲ್ಲರಿಗಿಂತ ಮುಂದೆ ನಿಂತೆ. ಓನರ್ ನನ್ನನ್ನು ದಾಟಿ ಹೋಗಿ ಕಾಯಿಯನ್ನು ಪೇಂಟರ್ ಕೈಗೆ ಕೊಟ್ಟರು. ಅವನಿಗೂ ಹೊಸ ಶಾಲು. ಅವನಿಗೂ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ನಮ್ಮ ಅಟ್ಟೂರಿನ ಸುದ್ದಿಯೂ ಹೀಗೇ ಅವರ ಕಿವಿಗೆ ಬಿದ್ದಿರಬೇಕೆಂದು ಆಗ ಹೊಳೆಯಿತು. ಪೇಂಟರ್ ಕಣ್ಣೊರೆಸಿಕೊಳ್ಳುತ್ತಿದ್ದ. ಕೋಗಿಲು ಅಲ್ಲಿಗೆ ಮುಗಿಯಿತು.

ರಸ್ತೆ ತುಂಬ ಕಾಯಿಯ ಚೂರು. ಓನರ್ ನನ್ನ ಕಡೆ ತಿರುಗಿದರು.

“ಇಂಗೆ ನಿಂತ್ಕಂಡ್ರೆ ಆಯ್ತದೇನೋ? ಯಾರಾನ ಜಾರ್ ಬಿದ್ದಾರು, ಗುಡ್ಸಾಕು.”

ಶಾಲು ಮಡಿಸಿಟ್ಟು ಪೊರಕೆ ತಂದೆ.