ಬಾಹ್ಯಾಕಾಶ ನಿಲ್ದಾಣಕ್ಕೆ ಧೂಳು ಹಾಕುವ ಧೂಳಮ್ಮ

ಬೆಳಗಿನ ಐದೂವರೆ. ಸಿನಿಮಾ ಸ್ಟುಡಿಯೊದ ಮೂರನೇ ಶೆಡ್ಡಿನಲ್ಲಿ, ಎಂಬತ್ತು ವರ್ಷಗಳಿಂದ ಪಾಳುಬಿದ್ದ ಬಾಹ್ಯಾಕಾಶ ನಿಲ್ದಾಣದೊಳಗೆ ಐವತ್ತಾರರ ಹೆಂಗಸೊಬ್ಬರು ಬರಿಗಾಲಲ್ಲಿ ಹಿಂದಹಿಂದಕ್ಕೆ ನಡೆಯುತ್ತಿದ್ದಾರೆ. ಕೈಯಲ್ಲಿ ಜರಡಿ. ಅದರಿಂದ ಸಣ್ಣಗೆ ಧೂಳು ಉದುರುತ್ತಿದೆ. ನಿಲ್ದಾಣದ ಗೋಡೆ ಪ್ಲೈವುಡ್ಡಿನದು, ಕಿಟಕಿಯಾಚೆಗಿನ ಆಕಾಶ ಕಪ್ಪು ಬಟ್ಟೆ, ಅದರ ತೂತುಗಳೇ ನಕ್ಷತ್ರ. ಧೂಳು ಮಾತ್ರ ಅಸಲಿ.

ಸ್ಟುಡಿಯೊದಲ್ಲಿ ಇವರು ಎಲ್ಲರಿಗೂ ಧೂಳಮ್ಮ. ಮೂವತ್ತು ವರ್ಷ ಕಂಡವರ ಮನೆ ಗುಡಿಸಿ ಒರೆಸಿ, ಆಮೇಲೆ ಇಲ್ಲಿಯ ಕಸ ಗುಡಿಸಲು ಬಂದವರು. ಹಾಳು ನಿಲ್ದಾಣಕ್ಕೆ ಧೂಳು ಬೇಕೆಂದಾಗ, ಅದು ಎಲ್ಲೆಲ್ಲಿ ಕೂರುತ್ತದೆಂದು ಗೊತ್ತಿದ್ದದ್ದು ಇವರೊಬ್ಬರಿಗೇ. "ಕಿಟಕಿ ಅಂಚಲ್ಲಿ ದಪ್ಪ, ಕುರ್ಚಿ ಕಾಲ ಹತ್ರ ಉಂಡೆ ಉಂಡೆ. ಇಷ್ಟು ವರ್ಷ ಅದರ ಜೊತೆ ಜಗಳ ಆಡಿದೀನಿ, ಅದರ ಬುದ್ಧಿ ನಂಗೆ ಗೊತ್ತಿಲ್ವಾ?" ದಿನಕ್ಕೆ ಹನ್ನೊಂದು ಕಿಲೋ ಬೂದಿ ಮತ್ತು ಜೇಡಿಮಣ್ಣು, ಮೂರು ಬಗೆಯ ಜರಡಿ, ನಾಲ್ಕು ಗಂಟೆ ಕೆಲಸ. ಹಿಂದಕ್ಕೆ ನಡೆಯುವುದು ತಮ್ಮ ಹೆಜ್ಜೆಗಳನ್ನು ತಾವೇ ಮುಚ್ಚಿಕೊಂಡು ಬರಲು. ಜನರ ಕಣ್ಣಿಗೆ ಮಣ್ಣೆರಚುವ ಉದ್ಯಮದಲ್ಲಿ ನಿಜವಾಗಿ ಮಣ್ಣು ಹಿಡಿದವರು ಇವರೊಬ್ಬರೇ ಇರಬೇಕು.

ನಿನ್ನೆ ಎಡವಟ್ಟಾಗಿದೆ. ನಿಲ್ದಾಣದ ಊಟದ ಮೇಜಿಗೆ ಧೂಳು ಹಾಕಿ ಮುಗಿಸಿದವರು, ಒಂದು ಕುರ್ಚಿಯ ಮುಂದೆ ತಟ್ಟೆಯಗಲ ಜಾಗವನ್ನು ಒರೆಸಿಬಿಟ್ಟಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು. ಅದು ಕ್ಯಾಮೆರಾದಲ್ಲಿ ಕಂಡು ಇಡೀ ದಿನದ ಶೂಟಿಂಗ್ ಹಾಳಾಯಿತು. "ಇವತ್ತೂ ಹಿಂಗಾದ್ರೆ ನಾಳೆಯಿಂದ ಬರ್ಬೇಡಿ ಅಂದಿದಾರೆ ಮ್ಯಾನೇಜರು," ಎನ್ನುತ್ತಾರೆ, ಜರಡಿ ನಿಲ್ಲಿಸದೆ.

ಯಾಕೆ ಒರೆಸಿದಿರಿ ಎಂದು ಕೇಳುತ್ತೇನೆ.

"ಅಕ್ಕಂಗೆ ತಟ್ಟೆ ಇಡೋಕೆ ಮುಂಚೆ ದಿನಾ ಒರೆಸ್ತಿದ್ದೆ. ಅವಳಿಲ್ಲ ಅಂತ ಈ ಕೈಗೆ ಇನ್ನೂ ಗೊತ್ತಾಗಿಲ್ಲ."

ಅಕ್ಕ ತಂಗಿ ಇಬ್ಬರೇ ಒಂದು ಕೋಣೆಯಲ್ಲಿ ಬಾಳಿದವರು. ಅಕ್ಕ ತೀರಿಕೊಂಡು ಹದಿನಾಲ್ಕು ತಿಂಗಳಾಗಿದೆ. "ಈ ಕೆಲಸ ಹೋದ್ರೆ ಹೊಟ್ಟೆ ಹೆಂಗೋ ನಡೆಯತ್ತೆ. ಆದ್ರೆ ಇಲ್ಲಿ ಬೈಯೋಕಾದ್ರೂ ಜನ ಇದಾರೆ," ಎಂದು ನಗುತ್ತಾರೆ. ನನಗೆ ನಗಲಾಗುವುದಿಲ್ಲ.

ಊಟದ ಮೇಜು ಬಂದಾಗ ಜರಡಿಯನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಬೆನ್ನ ಹಿಂದಿಟ್ಟುಕೊಳ್ಳುತ್ತಾರೆ.

ಒಂಬತ್ತೂವರೆಗೆ ನಾಯಕ ನಟ ಬರುತ್ತಾನೆ. ಧೂಳಿನಲ್ಲಿ ಹೆಜ್ಜೆ ಮೂಡಿಸುತ್ತಾ ಮೇಜಿನವರೆಗೆ ನಡೆದು ನಿಲ್ಲುತ್ತಾನೆ. ನಿರ್ದೇಶಕರು ಪರದೆಯನ್ನು ಎರಡು ಸಲ ನೋಡಿ "ಓಕೆ" ಎನ್ನುತ್ತಾರೆ. "ನಾಳೆ ಬೇಗ ಬಂದ್ಬಿಡಿ," ಎಂದು ಮ್ಯಾನೇಜರು ಚಹಾ ಕುಡಿಯಲು ಹೋಗುತ್ತಾರೆ.

ಧೂಳಮ್ಮ ಪೊರಕೆ ಹಿಡಿದು ಆ ಹೆಜ್ಜೆಗಳ ಮುಂದೆ ನಿಂತಿದ್ದಾರೆ.

"ನಮ್ಮನೆಗೂ ಯಾರಾದ್ರೂ ಹಿಂಗೆ ಮಣ್ಣು ಕಾಲಲ್ಲೇ ನಡ್ಕೊಂಡು ಬರ್ಲಿ ನೋಡಿ. ಒಂದು ವಾರ ಗುಡಿಸೋದೇ ಇಲ್ಲ."