ಬಾಯಿಪಾಠವಾದ ಕೊನೆಯ ಸಾಲು

ಕನ್ನಡಕದಂಗಡಿಯ ಯಜಮಾನಿ ಹನ್ನೊಂದು ವರ್ಷದಿಂದ ನುಂಗುತ್ತಿದ್ದ ಮನೋವೈದ್ಯರ ಮಾತ್ರೆಗಳನ್ನೆಲ್ಲ ಒಂದು ಬೆಳಿಗ್ಗೆ ಕಸದ ಡಬ್ಬಿಗೆ ಸುರಿದು, ಇನ್ನು ತನಗೆ ಯಾರ ಹಂಗೂ ಬೇಡವೆಂದು ಕೈ ಕೊಡವಿಕೊಂಡಳೆಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹಬ್ಬಿತ್ತು. ಪಕ್ಕದಂಗಡಿಯ ಬೀಗ ರಿಪೇರಿಯವನು ತಾನದನ್ನು ಕಣ್ಣಾರೆ ಕಂಡೆನೆಂದು ಆಣೆ ಹಾಕುತ್ತಿದ್ದ. ಅವನು ಕಂಡದ್ದೇನೋ ನಿಜ. ಆದರೆ ಅಂದು ಅವಳು ಸುರಿದದ್ದು ಹಳೆಯ ಫ್ರೇಮುಗಳಿಂದ ಕಿತ್ತ, ಹಳದಿಗಟ್ಟಿದ ಮೂಗಿನ ಮೆತ್ತೆಗಳನ್ನು. ದೂರದಿಂದ ನೋಡಿದವರಿಗೆ ಅವು ಮಾತ್ರೆಯಂತೆಯೇ ಕಾಣುತ್ತವೆ. ಅಷ್ಟು ದೂರದ ವಸ್ತು ಸ್ಪಷ್ಟವಾಗಿ ಕಾಣದಿದ್ದರೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅವನಿಗೆ ಅವಳು ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಳು.

ಅಂಥ ವೀರಾವೇಶ ಅವಳ ಜಾಯಮಾನಕ್ಕೆ ಸೇರಿದ್ದೇ ಅಲ್ಲ. ಸೋಪಿನ ಹೊದಿಕೆಯ ಬಣ್ಣ ಬದಲಾದರೂ ಕೊಳ್ಳುವ ಮುನ್ನ ಮೂರು ದಿನ ಯೋಚಿಸುವ ಹೆಂಗಸು ಅವಳು. ಮಾತ್ರೆಗಳನ್ನು ಅವಳು ಇಳಿಸುತ್ತಿದ್ದುದು ಡಾಕ್ಟರ ಅಪ್ಪಣೆಯಂತೆ, ವಾರಗಟ್ಟಲೆ, ತುಣುಕು ತುಣುಕಾಗಿ.

ಹನ್ನೊಂದು ವರ್ಷದ ಹಿಂದೆ ಅವಳು ಐದು ತಿಂಗಳು ಅಂಗಡಿಯ ಷಟರ್ ಎತ್ತಿರಲಿಲ್ಲ. ಷಟರಿಗೆ ತುಕ್ಕೇನೂ ಹಿಡಿದಿರಲಿಲ್ಲ. ಬೀಗಕ್ಕೆ ಕೈ ಹಾಕಿದೊಡನೆ ಎದೆ ಢವಗುಟ್ಟಿ, ಕಾಲು ತಾನಾಗಿ ಮನೆಯ ಕಡೆ ತಿರುಗುತ್ತಿತ್ತು. ಮೊದಲ ಡಾಕ್ಟರು ಕೊಟ್ಟ ಮಾತ್ರೆ ಮನಸ್ಸಿನ ಭಾರ ಇಳಿಸಿ ನಿದ್ದೆ ಕೆಡಿಸಿತು. ನಿದ್ದೆಗೆಂದು ಎರಡನೆಯವರು ಇನ್ನೊಂದನ್ನು ಬರೆದರು. ಎದೆಬಡಿತಕ್ಕೆ ಮೂರನೆಯವರು ಮತ್ತೊಂದನ್ನು ಸೇರಿಸಿದರು. ಮೂವರೂ ತಂತಮ್ಮ ಹೊತ್ತಿಗೆ ಸರಿಯಾದದ್ದನ್ನೇ ಮಾಡಿದ್ದರು. ಷಟರ್ ಎದ್ದದ್ದೂ ಅವರಿಂದಲೇ. ಸೇರಿಸಿದವರು ಮೂವರಿದ್ದರು, ತೆಗೆದು ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಕೊನೆಗೆ ದುಃಖವೂ ಇಲ್ಲದ, ಸುಖವೂ ಇಲ್ಲದ ಒಂದು ಬೂದು ಬಣ್ಣದ ಸಮಾಧಾನ ಅವಳಲ್ಲಿ ನೆಲೆಸಿತು. ತಾಯಿ ತೀರಿಕೊಂಡಾಗ ಒಂದು ಹನಿ ಕಣ್ಣೀರು ಬರಲಿಲ್ಲ. ನೆಂಟರು ಅದನ್ನು ಗಟ್ಟಿ ಮನಸ್ಸೆಂದು ಹೊಗಳಿದರು.

ಹೊಸದಾಗಿ ಬಂದ ಡಾಕ್ಟರಮ್ಮ ವಯಸ್ಸಿನಲ್ಲಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಆಕೆ ಹೇಳಿದಳು: "ಒಂದೊಂದೇ ಇಳಿಸಿ ನೋಡೋಣ ಅಮ್ಮಾ. ಇದರಲ್ಲಿ ಕಾಯಿಲೆ ಎಷ್ಟು, ಮಾತ್ರೆ ಮಾಡಿರೋದು ಎಷ್ಟು ಅಂತ ಗೊತ್ತಾಗಬೇಕಲ್ಲ. ನೀವಾಗೇ ಏನೂ ನಿಲ್ಲಿಸಬೇಡಿ. ಕಷ್ಟ ಆದ್ರೆ ಹೇಳಿ, ಒಂದು ಮೆಟ್ಟಿಲು ಹಿಂದೆ ಬರೋಣ."

ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ದಿನಬೆಳಗಾದರೆ ಅವಳು ಮಾಡುವ ಕೆಲಸವೇ ಅದು. ಪರೀಕ್ಷೆಯ ಫ್ರೇಮಿಗೆ ಗಾಜಿನ ಮೇಲೆ ಗಾಜು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಗಿರಾಕಿಗೆ ಅಕ್ಷರಕ್ಕಿಂತ ಗಾಜುಗಳೇ ಹೆಚ್ಚು ಕಾಣತೊಡಗುತ್ತವೆ. ಆಗ ಎಲ್ಲವನ್ನೂ ತೆಗೆದು ಬರಿಗಣ್ಣಿನಿಂದ ಮತ್ತೆ ಶುರು ಮಾಡಬೇಕು. ಊರಿನವರ ಮೂಗಿನ ಮೇಲೆ ಸುಲಭವಾಗಿ ಕಂಡದ್ದು ತನ್ನ ತಲೆಯ ವಿಷಯದಲ್ಲಿ ಹನ್ನೊಂದು ವರ್ಷ ಹೊಳೆದಿರಲಿಲ್ಲ.

ಮೊದಲ ಮಾತ್ರೆ ನಾಲ್ಕು ತಿಂಗಳಲ್ಲಿ ನಿಂತಿತು. ಒಂದು ಸಂಜೆ ಟೀವಿಯಲ್ಲಿ ನೆಲ ಒರೆಸುವ ದ್ರಾವಣದ ಜಾಹೀರಾತು ನೋಡುತ್ತ ಅವಳು ಗಳಗಳನೆ ಅತ್ತಳು. ಅತ್ತದ್ದಕ್ಕಿಂತ ಅಳಲು ಬಂತಲ್ಲ ಎಂಬ ಹೆಮ್ಮೆಯೇ ಹೆಚ್ಚಾಗಿ, ಅಡುಗೆಮನೆಯಲ್ಲಿದ್ದ ಗಂಡನನ್ನು ಕರೆದು ಕೆನ್ನೆ ತೋರಿಸಿದಳು. ಅವನು ಗಂಭೀರವಾಗಿ ಪರಿಶೀಲಿಸಿ, ಎರಡೂ ಕಣ್ಣಿನಿಂದ ಸಮವಾಗಿ ಬರುತ್ತಿದೆಯೆಂದು ಸರ್ಟಿಫಿಕೇಟು ಕೊಟ್ಟ.

ಎಡವಟ್ಟಾದದ್ದು ಎರಡನೆಯ ಮಾತ್ರೆಯಲ್ಲಿ. ಅದು ಅರ್ಧಕ್ಕಿಳಿದ ಮೇಲೆ ತಲೆಯೊಳಗೆ ಬಲ್ಬು ಮಿಣುಕಿದಂತಾಗುತ್ತಿತ್ತು. ಷಟರಿನ ಮುಂದೆ ನಿಂತರೆ ಹಳೆಯ ಢವಢವ. ಅಪ್ಪನ ಕಾಲದಿಂದಲೂ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಮುದುಕರೊಬ್ಬರು ಏನೂ ಕೇಳದೆ ತಾವೇ ಬಗ್ಗಿ ಅದನ್ನು ಎತ್ತತೊಡಗಿದರು. ಡಾಕ್ಟರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ತಾನು ಸೋತಂತೆ, ಜೀವಮಾನವಿಡೀ ಮೂರೂ ಮಾತ್ರೆ ಗಟ್ಟಿಯಾದಂತೆ ಎಂದು ಅವಳ ಲೆಕ್ಕಾಚಾರ. ಆ ಐದು ತಿಂಗಳು ಮತ್ತೆ ಬರುತ್ತಿವೆಯೇನೋ ಎಂಬ ಅನುಮಾನವನ್ನು ಬಾಯಿಬಿಟ್ಟು ಹೇಳಲು ಅದಕ್ಕಿಂತ ಹೆಚ್ಚಿನ ಭಯ.

ಪ್ರತಿ ಭೇಟಿಯಲ್ಲೂ ಒಂಬತ್ತು ಪ್ರಶ್ನೆಗಳ ಒಂದು ಫಾರಂ ತುಂಬಬೇಕಿತ್ತು. ಕಷ್ಟವಿಲ್ಲದಿದ್ದರೆ ಸೊನ್ನೆ, ತೀರಾ ಇದ್ದರೆ ಮೂರು. ಅಷ್ಟರಲ್ಲಿ ಪ್ರಶ್ನೆಗಳು ಅವಳಿಗೆ ಬಾಯಿಪಾಠವಾಗಿದ್ದವು. ಉತ್ತರಗಳನ್ನು ಬಸ್ಸಿನಲ್ಲೇ ಸಿದ್ಧಪಡಿಸಿಕೊಳ್ಳುತ್ತಿದ್ದಳು. ಎಲ್ಲಕ್ಕೂ ಸೊನ್ನೆ ಬರೆದರೆ ಅನುಮಾನ ಬರುತ್ತದೆಂದು ಅಲ್ಲೊಂದು ಇಲ್ಲೊಂದು 'ಒಂದು' ಉದುರಿಸುವಷ್ಟು ಕಲಾವಂತಿಕೆಯನ್ನೂ ಮೆರೆದಳು. ಒಟ್ಟು ನಾಲ್ಕು ಬಂದಾಗ ಡಾಕ್ಟರಮ್ಮ ಮೆಚ್ಚಿ ತಲೆದೂಗಿದಳು. ಇವಳು ರ‍್ಯಾಂಕು ಬಂದ ಹುಡುಗಿಯಂತೆ ಬೀಗಿಕೊಂಡು ಹೊರಬಂದು, ಮೆಟ್ಟಿಲ ಮೇಲೆ ಕೂತು, ಎದೆಬಡಿತ ಇಳಿಯಲೆಂದು ಅರ್ಧ ಗಂಟೆ ಕಾದಳು.

ಅದಾಗಿ ಎರಡು ವಾರಕ್ಕೆ ಒಬ್ಬ ಬಸ್ ಡ್ರೈವರ್ ಕಣ್ಣಿನ ಪರೀಕ್ಷೆಗೆ ಬಂದ. ನಾಲ್ಕನೆಯ ಸಾಲಿಗೆ ತಡವರಿಸಿದವನು ಇರುವೆಯಷ್ಟು ಸಣ್ಣ ಅಕ್ಷರದ ಕೊನೆಯ ಸಾಲನ್ನು ಒಂದೇ ಉಸಿರಿಗೆ ಓದಿಬಿಟ್ಟ. ಈ ವಿದ್ಯೆ ಅವಳಿಗೆ ಹಳೆಯದು. ಬೆಂಚಿನ ಮೇಲೆ ಸರದಿ ಕಾಯುವವರು ಎದ್ದು ಹೋಗಿ ಹತ್ತಿರದಿಂದ ನೋಡಿ ಉರು ಹೊಡೆದಿರುತ್ತಾರೆ. ಅವಳು ಎದ್ದು ಬೋರ್ಡನ್ನು ತಿರುಗಿಸಿದಳು. ಹಿಂಬದಿಯಲ್ಲಿ ಬೇರೆ ಅಕ್ಷರಗಳಿದ್ದವು. ಡ್ರೈವರ್ ಮೂರನೆಯ ಸಾಲಿಗೇ ನಿಂತ.

"ಕಾಣಲ್ಲ ಅಂದ್ರೆ ಬಸ್ಸು ಬಿಡಿಸ್ತಾರೆ ಅಕ್ಕಾ," ಎಂದ, ಮೆಲ್ಲಗೆ.

"ಅಲ್ಲ ಅಣ್ಣಾ, ನನಗೆ ಸುಳ್ಳು ಹೇಳಿ ಪಾಸಾದ್ರೆ ನಿಮಗೆ ಸಿಗೋದು ಇನ್ಯಾರದೋ ಕಣ್ಣಿನ ಕನ್ನಡಕ. ಇಲ್ಲಿ ಯಾರೂ ಫೇಲಾಗಲ್ಲ. ಕಾಣದೇ ಇರೋದು ಎಲ್ಲಿಂದ ಅಂತ ಹೇಳಿದ್ರೆ ತಾನೇ ನಾನು ಏನಾದ್ರೂ ಮಾಡೋಕಾಗೋದು?"

ಮರದ ಅಡ್ಡಗೋಡೆಯ ಹಿಂದೆ ಉಜ್ಜುವ ಯಂತ್ರ ನಿಂತಿತು. ಮುದುಕರ ದನಿ ಬಂತು: "ಅಮ್ಮಾ, ಆ ಮಾತು ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ. ನಿಮಗೂ ಕೇಳಲಿ."

ಯಂತ್ರ ಮತ್ತೆ ಶುರುವಾಯಿತು. ಡ್ರೈವರನಿಗೆ ಏನೂ ಅರ್ಥವಾಗಲಿಲ್ಲ. ಸರಿಯಾದ ಗಾಜು ಹಾಕಿದ ಮೇಲೆ ಅವನು ಕೊನೆಯದಕ್ಕಿಂತ ಒಂದು ಸಾಲು ಮೇಲಿನವರೆಗೆ ನಿಜವಾಗಿಯೇ ಓದಿದ.

ಮುಂದಿನ ಭೇಟಿಯಲ್ಲಿ ಎಲ್ಲವನ್ನೂ ಹೇಳಿಬಿಡುವುದೆಂದು ನಿರ್ಧರಿಸಿಯೇ ಅವಳು ಹೋದಳು. ಆದರೂ ಫಾರಂ ಕೈಗೆ ಬಂದೊಡನೆ ಪೆನ್ನು ಅಭ್ಯಾಸಬಲದಿಂದ ಸೊನ್ನೆ, ಒಂದು, ಸೊನ್ನೆ ಎಂದು ಬರೆದೇಬಿಟ್ಟಿತು. ನಾಲ್ಕನೆಯದಕ್ಕೆ ಬಂದಾಗ ಅವಳಿಗೆ ನಗು ಬಂತು. ಕಾಗದವನ್ನು ಮಗುಚಿ, ಖಾಲಿ ಹಿಂಬದಿಯಲ್ಲಿ ಬರೆದಳು: 'ಷಟರ್ ಎತ್ತಲು ಆಗುತ್ತಿಲ್ಲ. ಒಂದೂವರೆ ತಿಂಗಳಾಯಿತು. ಹೆದರಿಕೆಯಾಗುತ್ತದೆ.'

ಡಾಕ್ಟರಮ್ಮ ಎರಡು ಸಲ ಓದಿದಳು. "ಹಿಂದಿನ ಫಾರಂಗಳಲ್ಲಿ ನಿಜ ಎಷ್ಟಿತ್ತು?"

"ಹೆಸರು, ವಯಸ್ಸು," ಎಂದವಳು ಒಂದು ಕ್ಷಣ ಯೋಚಿಸಿದಳು. "ವಯಸ್ಸಲ್ಲೂ ಎರಡು ವರ್ಷ ಕಮ್ಮಿ."

ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದವಳಿಗೆ ಸಿಕ್ಕಿದ್ದು ವಿವರಣೆ. ಇದು ಹಳೆಯ ಕಾಯಿಲೆಯೇ ಮರಳಿದ್ದಿರಬಹುದು, ಇಳಿಸಿದ ವೇಗ ಹೆಚ್ಚಾದದ್ದರಿಂದಲೂ ಇರಬಹುದು. ಒಂದು ಮೆಟ್ಟಿಲು ಮೇಲೆ ಹತ್ತಿ ನಿಂತು ನೋಡಿದರೆ ತಿಳಿಯುತ್ತದೆ. ಕೊನೆಗೆ ಒಂದೋ ಎರಡೋ ಮಾತ್ರೆ ಉಳಿದರೂ ಅದು ಸೋಲಲ್ಲ, ಅಷ್ಟು ನಂಬರಿನ ಗಾಜು ಬೇಕೆಂದು ಅರ್ಥ, ಎಂದಳು ಡಾಕ್ಟರಮ್ಮ. ತನ್ನ ಕಸುಬಿನ ಮಾತನ್ನು ತನಗೇ ಹೇಳಿಕೊಟ್ಟದ್ದಕ್ಕೆ ಅವಳು ಒಳಗೊಳಗೇ ಗೊಣಗಿದಳು. ಮನೆಗೆ ಬಂದು ಗಂಡನಿಗೆ ಅದನ್ನೇ ತನ್ನ ಮಾತೆಂಬಂತೆ ಹೇಳಿದಳು.

ಇದೀಗ ಮೂರು ತಿಂಗಳಾಗಿದೆ. ಮೊದಲ ಮಾತ್ರೆ ಪೂರ್ತಿ ನಿಂತಿದೆ. ಅರ್ಧಕ್ಕಿಳಿದಿದ್ದ ಎರಡನೆಯದು ಮುಕ್ಕಾಲಿಗೆ ಹತ್ತಿ ಅಲ್ಲೇ ಇದೆ. ಮೂರನೆಯದನ್ನು ಇಳಿಸಲು ಇನ್ನೂ ಕೈ ಹಾಕಿಲ್ಲ. ಫಾರಮಿನ ಮೊತ್ತ ಹೋದ ಸಲ ಒಂಬತ್ತು ಬಂತು, ಅದು ನಿಜದ ಒಂಬತ್ತು. ಅಂಗಡಿ ಒಂಬತ್ತೂವರೆಗೆ ತೆರೆಯುತ್ತದೆ. ಕಳೆದ ವಾರದ ಆರು ದಿನಗಳಲ್ಲಿ ನಾಲ್ಕು ದಿನ ಷಟರನ್ನು ಅವಳೇ ಎತ್ತಿದಳು. ಎರಡು ದಿನ ಮುದುಕರು ಎತ್ತಿದರು.